ಬಾಗಿಲು ತಟ್ಟುವವರು ಯಾರು? ಗುಜರಾತಿನಿಂದ ಗಾಝಾವರೆಗೆ ಲಸಿಕೆಯ ಒಂದು ಚರಿತ್ರೆ

ನಿಮ್ಮ ಮನೆ ಬಾಗಿಲ ಪಕ್ಕದ ಗೋಡೆಯಲ್ಲಿ ಚಾಕ್‌ಪೀಸಿನಿಂದ ಬರೆದ ಒಂದು ಅಕ್ಷರ, ಜೊತೆಗೊಂದು ತಾರೀಕು ಎಂದಾದರೂ ಕಂಡದ್ದುಂಟಾ? ಪಲ್ಸ್ ಪೋಲಿಯೊ ಭಾನುವಾರ ಮುಗಿದ ಮೇಲೆ ಮನೆಮನೆಗೆ ಬರುವ ಹೆಂಗಸರು ಬರೆದು ಹೋಗುವ ಗುರುತು ಅದು. ಇಂಗ್ಲಿಷಿನ ‘ಪಿ’ ಇದ್ದರೆ ಆ ಮನೆಯ ಐದು ವರ್ಷದೊಳಗಿನ ಮಕ್ಕಳೆಲ್ಲರಿಗೂ ಹನಿ ಬಿದ್ದಿದೆ ಎಂದು ಅರ್ಥ. ‘ಎಕ್ಸ್’ ಇದ್ದರೆ ಯಾವುದೋ ಮಗು ಬಾಕಿ ಇದೆ, ಮತ್ತೆ ಬರಬೇಕು ಎಂದು. ಮಗುವಿನ ಎಡಗೈ ಕಿರುಬೆರಳಿಗೆ ಹಚ್ಚುವ ಮಸಿಯಷ್ಟೇ ಸಾಮಾನ್ಯವಾದ ಗುರುತು. ನಮ್ಮಲ್ಲಿ ಯಾರೂ ಅದನ್ನು ತಲೆಗೆ ಹಚ್ಚಿಕೊಳ್ಳುವುದಿಲ್ಲ. ಮುಂದಿನ ಮಳೆಗೆ ತೊಳೆದು ಹೋಗುತ್ತದೆ.

ಈಗ ಅದೇ ಗುರುತನ್ನು 2002ರ ನಂತರದ ಅಹಮದಾಬಾದಿನ ಒಂದು ಮುಸ್ಲಿಂ ಮೊಹಲ್ಲಾದಲ್ಲಿ ಇಟ್ಟು ನೋಡಿ. ಆ ವರ್ಷದ ಫೆಬ್ರವರಿ ಕೊನೆಯಲ್ಲಿ ಮುಸ್ಲಿಮರ ಮನೆ, ಅಂಗಡಿಗಳ ವಿಳಾಸದ ಪಟ್ಟಿಗಳನ್ನೇ ಹಿಡಿದು ಗುಂಪುಗಳು ಬಂದಿದ್ದವು ಎಂದು ಬದುಕುಳಿದವರು ಹೇಳಿದ್ದನ್ನು ಮಾನವ ಹಕ್ಕುಗಳ ಸಂಘಟನೆಗಳ ವರದಿಗಳು ದಾಖಲಿಸಿವೆ. ಪಟ್ಟಿ ಹಿಡಿದು ಬಂದವರಿಂದ ಎಲ್ಲವನ್ನೂ ಕಳೆದುಕೊಂಡ ತಾಯಿಯೊಬ್ಬಳ ಹೊಸ ಬಾಡಿಗೆ ಮನೆಗೆ, ಇನ್ನೊಂದು ಪಟ್ಟಿ ಹಿಡಿದ ಇಬ್ಬರು ಬಂದು, ಮನೆಯಲ್ಲಿ ಎಷ್ಟು ಮಕ್ಕಳು, ಹೆಸರೇನು, ವಯಸ್ಸೆಷ್ಟು ಎಂದು ಕೇಳಿ, ಹೋಗುವಾಗ ಗೋಡೆಗೆ ಗುರುತು ಹಾಕಿ ಹೋದರೆ ಅವಳಿಗೆ ಏನನ್ನಿಸಬೇಕು? ‘ಅನಕ್ಷರಸ್ಥ ಜನ, ವೈಜ್ಞಾನಿಕ ಮನೋಭಾವ ಇಲ್ಲ’ ಎಂದು ಪತ್ರಿಕೆಯಲ್ಲಿ ಬರೆಯುವವರು ಈ ಪ್ರಶ್ನೆಯನ್ನು ಕೇಳಿಕೊಳ್ಳುವುದು ಕಡಿಮೆ.

ಯುದ್ಧ, ದಂಗೆ, ಅಂತರ್ಯುದ್ಧ ನಡೆದ ನಾಡುಗಳಲ್ಲಿ ಮಕ್ಕಳಿಗೆ ಪೋಲಿಯೊ ಹನಿ ಹಾಕಿಸಲು ಶ್ರಮಿಸಿದವರ ಕೆಲಸದ ಬಗ್ಗೆ ನಿಮಗೆ ಹೇಳಬೇಕೆಂದು ಕೂತವನು ನಾನು. ಆದರೆ ಆ ಕಥೆಯನ್ನು ಅಫ್ಘಾನಿಸ್ತಾನದಿಂದಲೋ ಸೋಮಾಲಿಯಾದಿಂದಲೋ ಶುರು ಮಾಡಿದರೆ ಅದು ಬೇರೆ ಯಾರದೋ ಕಥೆಯಾಗಿಬಿಡುತ್ತದೆ. ಗುಜರಾತಿನಿಂದಲೇ ಶುರು ಮಾಡೋಣ, ಅದೂ ಪೋಲಿಯೊ ಲಸಿಕೆ ಹುಟ್ಟುವ ಅರ್ಧ ಶತಮಾನ ಮೊದಲಿನಿಂದ.

ವಡೋದರದ ಹತ್ತಿರ ಉಂಧೇರಾ ಎಂಬ ಹಳ್ಳಿ ಇದೆ. ಆಗಿನ ಬರೋಡಾ ಸಂಸ್ಥಾನಕ್ಕೆ ಸೇರಿದ್ದು. 1898ರ ಆರಂಭದಲ್ಲಿ ಅಲ್ಲಿ ಪ್ಲೇಗ್ ಕಾಣಿಸಿಕೊಂಡಿತು. ಪ್ಲೇಗಿಗೆ ಮೊದಲ ಲಸಿಕೆ ಕಂಡುಹಿಡಿದ ವಾಲ್ಡೆಮಾರ್ ಹಾಫ್ಕಿನ್ ಆ ಹಳ್ಳಿಗೆ ಹೋದರು. ಒಡೆಸ್ಸಾದಲ್ಲಿ ಹುಟ್ಟಿದ ಯಹೂದಿ ವಿಜ್ಞಾನಿ ಅವರು. 1897ರ ಜನವರಿಯಲ್ಲಿ ಮುಂಬೈಯಲ್ಲಿ ಲಸಿಕೆ ತಯಾರಿಸಿ, ಮೊದಲು ಚುಚ್ಚಿಕೊಂಡದ್ದು ತಮ್ಮ ಮೈಗೇ. ಉಂಧೇರಾದಲ್ಲಿ ಅವರು ಪ್ರತಿ ಕುಟುಂಬದ ಸುಮಾರು ಅರ್ಧ ಜನಕ್ಕೆ ಲಸಿಕೆ ಕೊಟ್ಟರು, ಉಳಿದರ್ಧ ಜನರನ್ನು ಹಾಗೇ ಬಿಟ್ಟರು. ಒಂದೇ ಸೂರು, ಒಂದೇ ಅಡುಗೆ, ಒಂದೇ ಇಲಿ. ಆಮೇಲೆ 28 ಮನೆಗಳಿಗೆ ಪ್ಲೇಗ್ ಹೊಕ್ಕಿತು. ಆ ಮನೆಗಳಲ್ಲಿ ಲಸಿಕೆ ಪಡೆದ 71 ಜನರಲ್ಲಿ 8 ಜನ ಮಲಗಿದರು, 3 ಜನ ಸತ್ತರು. ಲಸಿಕೆ ಇಲ್ಲದ 64 ಜನರಲ್ಲಿ 27 ಜನ ಮಲಗಿದರು, 26 ಜನ ಸತ್ತರು. ಇಂದಿನ ವೈದ್ಯಕೀಯ ನೀತಿ ಇಂಥ ಪ್ರಯೋಗವನ್ನು ಒಪ್ಪಲಾರದು. ಬಿಟ್ಟ ಆ 64 ಜನರನ್ನು ನೆನೆದರೆ ನನಗೂ ಸಂಕಟವೇ. ಆದರೆ ಲಸಿಕೆ ಕೆಲಸ ಮಾಡುತ್ತದೋ ಇಲ್ಲವೋ ಎಂಬ ಪ್ರಶ್ನೆಗೆ ಗುಜರಾತಿನ ನೆಲದಲ್ಲಿ ಆಗಲೇ ಉತ್ತರ ಸಿಕ್ಕಿತ್ತು.

ಉತ್ತರ ಸಿಕ್ಕರೆ ಸಾಕಾ? ಅದೇ ಕಾಲದ ಪುಣೆ, ಮುಂಬೈಗಳನ್ನು ನೋಡಿ. ಪುಣೆಯಲ್ಲಿ ಪ್ಲೇಗ್ ರೋಗಿಗಳನ್ನು ಹುಡುಕಲು ಬ್ರಿಟಿಷ್ ಸರ್ಕಾರ ಸಿಪಾಯಿಗಳನ್ನು ಮನೆಯೊಳಗೆ ನುಗ್ಗಿಸಿತು. ಆ ಸಿಟ್ಟಿಗೆ ಪ್ಲೇಗ್ ಕಮಿಷನರ್ ರ್‍ಯಾಂಡ್ 1897ರ ಜೂನ್‌ನಲ್ಲಿ ಗುಂಡೇಟು ತಿಂದು ಆಮೇಲೆ ಸತ್ತ. ಮುಂಬೈಯ ಮದನಪುರದಲ್ಲಿ ಉತ್ತರ ಭಾರತದಿಂದ ಬಂದ ಮುಸ್ಲಿಂ ನೇಕಾರರ, ಅಂದರೆ ಜುಲಾಹಾಗಳ ಕೇರಿ ಇತ್ತು. 1898ರ ಮಾರ್ಚ್ 9ರಂದು ತಪಾಸಣೆಯವರು ಅಲ್ಲಿಯ ಹನ್ನೆರಡರ ಹುಡುಗಿಯೊಬ್ಬಳನ್ನು ಪರೀಕ್ಷಿಸಿ ಆಸ್ಪತ್ರೆಗೆ ಒಯ್ಯಲು ಹೊರಟಾಗ ಮನೆಯವರು ತಡೆದರು. ಮಾತಿಗೆ ಮಾತು ಬೆಳೆದು ದಂಗೆಯಾಯಿತು, ಗೋಲಿಬಾರು ನಡೆಯಿತು, ಹೆಣಗಳು ಬಿದ್ದವು. ಅದೇ ನಗರ, ಅದೇ ಕಾಲ. ಅಲ್ಲೇ ಖೋಜಾ ಸಮುದಾಯದವರು ಸಾವಿರಾರು ಸಂಖ್ಯೆಯಲ್ಲಿ ತಾವಾಗಿ ಬಂದು ಲಸಿಕೆ ಚುಚ್ಚಿಸಿಕೊಂಡರು. ಕಚ್ಛ್, ಕಾಠಿಯಾವಾಡ, ಗುಜರಾತ್ ಮೂಲದ ಜನ ಅವರು. ಅವರ ಗುರು ಮೂರನೇ ಆಗಾ ಖಾನ್, ಸುಲ್ತಾನ್ ಮಹಮ್ಮದ್ ಷಾ, ಆಗ ಇಪ್ಪತ್ತರ ಹರೆಯದವರು. ಹಾಫ್ಕಿನ್‌ರ ಪ್ರಯೋಗಾಲಯಕ್ಕೆ ತಮ್ಮ ಖುಶ್ರು ಲಾಡ್ಜ್ ಬಂಗಲೆ ಬಿಟ್ಟುಕೊಟ್ಟರು. ಆಮೇಲೆ ತಮ್ಮ ಜನರ ಎದುರು ತಾವೇ ತೋಳು ಒಡ್ಡಿದರು, ಒಂದು ಸಲವಲ್ಲ, ಮತ್ತೆ ಮತ್ತೆ. ತಮ್ಮ ಆತ್ಮಕಥೆಯಲ್ಲಿ ಅವರೇ ಇದನ್ನು ನೆನೆದಿದ್ದಾರೆ.

ಜುಲಾಹಾಗಳು ಮೂಢರು, ಖೋಜಾಗಳು ವಿವೇಕಿಗಳು ಎಂದು ಓದಿಬಿಟ್ಟರೆ ನಾವು ಏನನ್ನೂ ಕಲಿತಂತಾಗುವುದಿಲ್ಲ. ಒಬ್ಬರ ಬಾಗಿಲಿಗೆ ಬಂದದ್ದು ಮಗಳನ್ನು ಎಳೆದೊಯ್ಯುವ ಕೈ. ಇನ್ನೊಬ್ಬರು ಕಂಡದ್ದು ತಮ್ಮವನೇ ಮೊದಲು ಚುಚ್ಚಿಸಿಕೊಂಡ ತೋಳು.

ಇನ್ನೊಂದು ಮಾತನ್ನೂ ಇಲ್ಲೇ ಹೇಳಿಬಿಡಬೇಕು, ಮುಚ್ಚಿಟ್ಟರೆ ಮೋಸವಾಗುತ್ತದೆ. 1902ರಲ್ಲಿ ಪಂಜಾಬಿನ ಮಲ್ಕೋವಾಲ್ ಎಂಬ ಹಳ್ಳಿಯಲ್ಲಿ ಇದೇ ಲಸಿಕೆಯ ಒಂದೇ ಬಾಟಲಿಯಿಂದ ಚುಚ್ಚಿಸಿಕೊಂಡ 19 ಜನ ಧನುರ್ವಾಯುವಿನಿಂದ ಸತ್ತರು. ಹಾಫ್ಕಿನ್‌ರನ್ನು ಕೆಲಸದಿಂದ ಅಮಾನತು ಮಾಡಿದರು. ತಪ್ಪು ಪ್ರಯೋಗಾಲಯದ್ದಲ್ಲ, ಹಳ್ಳಿಯಲ್ಲಿ ಬಾಟಲಿ ತೆರೆದಾಗಿನ ಅಶುಚಿಯದ್ದು ಎಂದು ಒಪ್ಪಿಕೊಳ್ಳುವಷ್ಟರಲ್ಲಿ 1907 ಬಂದಿತ್ತು. ಲಸಿಕೆಯ ಚರಿತ್ರೆಯಲ್ಲಿ ಇಂಥ ಪುಟಗಳಿವೆ. ಜನರ ಅಂಜಿಕೆ ಯಾವಾಗಲೂ ಗಾಳಿಯಿಂದ ಹುಟ್ಟುವುದಿಲ್ಲ.

ಪೋಲಿಯೊ ಹನಿಯ ವಿಷಯದಲ್ಲಿ ನಮ್ಮ ದೇಶದ ಮುಸ್ಲಿಮರಲ್ಲಿ ಹಬ್ಬಿದ ಅಂಜಿಕೆ ಯಾವುದು ಎಂದು ನಿಮಗೆ ಗೊತ್ತೇ ಇದೆ. ಇದು ಸಂತಾನ ತಡೆಯುವ ಔಷಧ, ನಮ್ಮ ಜನಸಂಖ್ಯೆ ಇಳಿಸಲು ಮಾಡಿದ ಸಂಚು. ಇದು ಶುದ್ಧ ಸುಳ್ಳು. ಆ ಹನಿಯಲ್ಲಿರುವುದು ದುರ್ಬಲಗೊಳಿಸಿದ ಪೋಲಿಯೊ ವೈರಾಣು, ಅದು ಮಗುವಿನ ಕರುಳಿನಲ್ಲಿ ಕೂತು ರೋಗದ ವಿರುದ್ಧ ಕಾವಲು ಕಟ್ಟುತ್ತದೆ, ಅಷ್ಟೆ. ಆದರೆ ಈ ಸುಳ್ಳಿಗೆ ಬೇರು ಎಲ್ಲಿಂದ ಬಂತು? 1976ಕ್ಕೆ ಹೋಗಿ. ತುರ್ತು ಪರಿಸ್ಥಿತಿ. 1976–77ರ ಒಂದೇ ವರ್ಷದಲ್ಲಿ ದೇಶದಲ್ಲಿ 82 ಲಕ್ಷಕ್ಕೂ ಹೆಚ್ಚು ಸಂತಾನಹರಣ ಶಸ್ತ್ರಚಿಕಿತ್ಸೆ ನಡೆಯಿತು. ದಿಲ್ಲಿಯ ತುರ್ಕಮಾನ್ ಗೇಟ್, ಹರಿಯಾಣದ ಉತ್ತಾವರ್, ಉತ್ತರ ಪ್ರದೇಶದ ಮುಜಫ್ಫರ್‌ನಗರ ಇವೆಲ್ಲ ‘ನಸ್‌ಬಂದಿ’ ಎಂಬ ಶಬ್ದದ ಜೊತೆ ನೆನಪಿಗೆ ಅಂಟಿದ ಊರುಗಳು. ಮಾಸ್ತರರಿಗೆ, ಗುಮಾಸ್ತರಿಗೆ ಕೋಟಾ. ಇಷ್ಟು ಜನರನ್ನು ತರದಿದ್ದರೆ ಸಂಬಳ ಇಲ್ಲ. ಅಂದು ಯುವಕನಾಗಿದ್ದು ಜೀಪು ಕಂಡು ಕಬ್ಬಿನ ಗದ್ದೆಗೆ ಓಡಿ ಅಡಗಿದವನು ಇಪ್ಪತ್ತು ವರ್ಷದ ನಂತರ ಅಜ್ಜನಾಗಿದ್ದ. 1995ರ ಡಿಸೆಂಬರ್‌ನಲ್ಲಿ ದೇಶದಾದ್ಯಂತ ಪಲ್ಸ್ ಪೋಲಿಯೊ ಶುರುವಾದಾಗ ಅದೇ ಸರ್ಕಾರದ ಜೀಪು, ಈ ಸಲ ಮೊಮ್ಮಗನಿಗೆ ಪುಕ್ಕಟೆ ಔಷಧ ಹಿಡಿದು ಬಂತು. ಬೇರೆ ಯಾವ ಕಾಯಿಲೆಗೂ ಬಾರದ ಸರ್ಕಾರ ಇದೊಂದಕ್ಕೆ ಮಾತ್ರ ಮನೆ ಬಾಗಿಲಿಗೇ ಯಾಕೆ ಬರ್ತದೆ ಎಂದು ಅವನು ಕೇಳಿದ್ದರಲ್ಲಿ ತಪ್ಪೇನು?

ಈಗ 2002ರ ಗುಜರಾತಿಗೆ ಬರೋಣ. ನರೋಡಾ ಪಾಟಿಯಾದ ಹೆಸರು ನೀವು ಕೇಳಿದ್ದೀರಿ. ಫೆಬ್ರವರಿ 28ರಂದು 97 ಜನ ಕೊಲೆಯಾದ ಅಹಮದಾಬಾದಿನ ಆ ಕೂಲಿಕಾರರ ಬಡಾವಣೆಯಲ್ಲಿ ಇದ್ದವರಲ್ಲಿ ಬಹಳ ಮಂದಿ ಕರ್ನಾಟಕದಿಂದ, ಅದರಲ್ಲೂ ಗುಲ್ಬರ್ಗಾ ಕಡೆಯಿಂದ, ಮತ್ತೆ ಮಹಾರಾಷ್ಟ್ರದಿಂದ ದುಡಿಯಲು ಹೋದವರು. ಕನ್ನಡದ ಓದುಗರಿಗೆ ಇದನ್ನು ಯಾರಾದರೂ ನೆನಪಿಸುತ್ತಲೇ ಇರಬೇಕು. ಮರುದಿನ ವಡೋದರದಲ್ಲಿ ಬೆಸ್ಟ್ ಬೇಕರಿ ಉರಿಯಿತು. ಬದುಕಿ ಉಳಿದವರು ನೂರಕ್ಕೂ ಹೆಚ್ಚು ಪರಿಹಾರ ಶಿಬಿರಗಳಲ್ಲಿ ಸೇರಿದರು. ಅಹಮದಾಬಾದಿನ ಶಾಹ್-ಎ-ಆಲಂ ದರ್ಗಾದ ಆವರಣದಲ್ಲೇ ಹತ್ತು ಸಾವಿರದಷ್ಟು ಜನ. ಶಿಬಿರ ನಡೆಸಿದ್ದು ಹೆಚ್ಚಾಗಿ ಸಮುದಾಯದವರೇ. ವೈದ್ಯರ, ಆರೋಗ್ಯ ಕಾರ್ಯಕರ್ತರ ಬಳಗವಾದ ಮೆಡಿಕೋ ಫ್ರೆಂಡ್ ಸರ್ಕಲ್ ಆ ಮೇ ತಿಂಗಳಲ್ಲೇ ಒಂದು ವರದಿ ಹೊರತಂದು, ಗುಜರಾತಿನ ನರಮೇಧವನ್ನು ಸಾರ್ವಜನಿಕ ಆರೋಗ್ಯದ ಬಿಕ್ಕಟ್ಟು ಎಂದು ಕರೆಯಿತು. ಕಿಕ್ಕಿರಿದ ಶಿಬಿರ, ಸಾಲದ ಶೌಚಾಲಯ, ಇನ್ನೊಂದು ಸಮುದಾಯದ ಓಣಿ ದಾಟಿ ಆಸ್ಪತ್ರೆಗೆ ಹೋಗಲು ಹೆದರುವ ಗಾಯಾಳು. ಆರೋಗ್ಯ ಎಂದರೆ ಇದೂ ಸೇರಿ ಎಂದು ಹೇಳಿದ ಆ ವೈದ್ಯರಿಗೆ ಒಂದು ಸಲಾಂ.

ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ರಾಜ್ಯದ ಮುಖ್ಯಮಂತ್ರಿ ಬಹುಚರಾಜಿಯಲ್ಲಿ ಮಾಡಿದ ಭಾಷಣದಲ್ಲಿ ಪರಿಹಾರ ಶಿಬಿರಗಳನ್ನು ಮಕ್ಕಳು ಹೆರುವ ಕೇಂದ್ರಗಳಿಗೆ ಹೋಲಿಸಿದ್ದು ದೇಶದಾದ್ಯಂತ ಸುದ್ದಿಯಾಯಿತು. ಅದು ಒಟ್ಟು ಜನಸಂಖ್ಯೆಯ ಬಗ್ಗೆ ಆಡಿದ ಮಾತು ಎಂಬ ಸಮಜಾಯಿಷಿ ಆಮೇಲೆ ಬಂತು. ಬರಲಿ. ಆದರೆ ಶಿಬಿರದಿಂದ ಆಗಷ್ಟೇ ಹೊರಬಿದ್ದ ತಾಯಿಯ ಕಿವಿಗೆ ಬಿದ್ದದ್ದು ಮೊದಲ ಮಾತು. ನಿನ್ನ ಮಕ್ಕಳು ಹೆಚ್ಚಾದರು ಎಂದು ವೇದಿಕೆಯಿಂದ ಹಂಗಿಸಿದ ಸರ್ಕಾರವೇ ಮರುತಿಂಗಳು ನಿನ್ನ ಮಕ್ಕಳ ಕಾಲು ಉಳಿಸಲು ಬಂದಿದ್ದೇನೆ ಎಂದರೆ ನಂಬುವುದು ಹೇಗೆ?

ಮತ್ತು ಅದೇ ವರ್ಷ ಪೋಲಿಯೊ ಮರಳಿ ಬಂತು. 2001ರಲ್ಲಿ ಗುಜರಾತಿನಲ್ಲಿ ಒಂದೇ ಒಂದು ಪ್ರಕರಣ ಇತ್ತು. 2002ರಲ್ಲಿ 24. ದಂಗೆಯಿಂದಲೇ ಹೀಗಾಯಿತು ಎಂದು ಹೇಳುವ ಆಸೆ ಬರೆಯುವವನಿಗೆ ಆಗುತ್ತದೆ. ಹಾಗೆ ಹೇಳುವುದು ಸರಿಯಲ್ಲ. ಆ ವರ್ಷ ದೇಶದಲ್ಲಿ 1,600 ಮಕ್ಕಳಿಗೆ ಪೋಲಿಯೊ ತಗುಲಿತು, ಅದರಲ್ಲಿ 1,242 ಉತ್ತರ ಪ್ರದೇಶದ್ದೇ. ಹಿಂದಿನ ವರ್ಷ ಲಸಿಕೆಯ ಸುತ್ತುಗಳನ್ನು ಕಡಿಮೆ ಮಾಡಿದ್ದರಿಂದ ಎದ್ದ ಅಲೆ ಅದು, ಅಲ್ಲಿಂದ ಹೊರ ರಾಜ್ಯಗಳಿಗೂ ಚೆಲ್ಲಿತು. ನಮ್ಮ ಕರ್ನಾಟಕವನ್ನೇ ನೋಡಿ: 2001, 2002 ಎರಡೂ ವರ್ಷ ಸೊನ್ನೆ, 2003ರಲ್ಲಿ 36 ಮಕ್ಕಳು. ನಮ್ಮಲ್ಲಿ ಯಾವ ಶಿಬಿರವೂ ಇರಲಿಲ್ಲ. ಲೆಕ್ಕ ಓದುವಾಗ ಇದೂ ನೆನಪಿರಲಿ: ಸೋಂಕು ತಗುಲಿದ ಸುಮಾರು ಇನ್ನೂರು ಮಕ್ಕಳಲ್ಲಿ ಒಬ್ಬರಿಗಷ್ಟೇ ಕಾಲು ಬೀಳುತ್ತದೆ. ಒಂದು ಪ್ರಕರಣ ಎಂದರೆ ಕಾಣದ ಇನ್ನೂರು.

ವೈರಾಣುವಿಗೆ ಜಾತಿ ಧರ್ಮ ಇಲ್ಲ, ನಿಜ. ಆದರೆ ಚರಂಡಿಗೆ ಉಂಟು. ಪೋಲಿಯೊ ಹರಡುವುದು ಮಲದಿಂದ, ಕೊಳಚೆ ಸೇರಿದ ನೀರಿನಿಂದ. ಅಹಮದಾಬಾದಿನ ಜುಹಾಪುರ 1973ರ ಸಾಬರಮತಿ ನೆರೆಯಲ್ಲಿ ಮನೆ ಕಳೆದುಕೊಂಡವರ ಪುನರ್ವಸತಿಯಿಂದ ಶುರುವಾದದ್ದು. 1985, 1992, 2002 ಹೀಗೆ ಒಂದೊಂದು ದಂಗೆಗೂ ಊರಿನ ಬೇರೆ ಭಾಗಗಳಿಂದ ಓಡಿ ಬಂದವರು ಸೇರಿ ಸೇರಿ ಲಕ್ಷಗಟ್ಟಲೆ ಜನರ ಬಡಾವಣೆಯಾಯಿತು. 2002ರ ಸಂತ್ರಸ್ತರಿಗೆ ಕಟ್ಟಿಕೊಟ್ಟ ಸಿಟಿಜನ್ ನಗರ ಇರುವುದು ಪಿರಾಣಾದ ಕಸದ ಬೆಟ್ಟದ ಬುಡದಲ್ಲಿ. ಸಿಟಿಜನ್ ಅಂದರೆ ನಾಗರಿಕ. ಹೆಸರಿಟ್ಟವರ ಮನಸ್ಸಿನಲ್ಲಿ ಏನಿತ್ತೋ. ಉತ್ತರ ಪ್ರದೇಶದ ಮೊಹಲ್ಲಾಗಳಲ್ಲಿ ಹನಿ ಬೇಡ ಎಂದ ತಂದೆತಾಯಿಯರಲ್ಲಿ ಹಲವರು ಹೇಳಿದ್ದು ಸಂತಾನದ ಮಾತಲ್ಲ. ‘ಮೊದಲು ಚರಂಡಿ ಮಾಡಿಸಿ, ಕುಡಿಯುವ ನೀರು ಕೊಡಿ, ಆಮೇಲೆ ಹನಿ’ ಎಂದು. ಇದು ನಿರಾಕರಣೆ ಅಲ್ಲ, ಅರ್ಜಿ.

ಆ ಅರ್ಜಿಯಲ್ಲಿ ಹುರುಳಿತ್ತು ಎನ್ನುವುದಕ್ಕೆ ಸೂರತ್ ಸಾಕ್ಷಿ. 1994ರ ಸೆಪ್ಟೆಂಬರ್‌ನಲ್ಲಿ ಸೂರತ್ತಿನಲ್ಲಿ ಪ್ಲೇಗ್ ಸುದ್ದಿ ಹಬ್ಬಿದಾಗ ಕೆಲವೇ ದಿನಗಳಲ್ಲಿ ಲಕ್ಷಾಂತರ ಜನ ರೈಲು, ಬಸ್ಸು ಹತ್ತಿ ಊರು ಬಿಟ್ಟರು. ಖಾಸಗಿ ವೈದ್ಯರೂ ಕ್ಲಿನಿಕ್ಕಿಗೆ ಬೀಗ ಜಡಿದು ಓಡಿದರು. ಮರುವರ್ಷ ಬಂದ ಮುನಿಸಿಪಲ್ ಕಮಿಷನರ್ ಎಸ್.ಆರ್. ರಾವ್ ಕಸ, ಚರಂಡಿ, ಕೊಳೆಗೇರಿಯ ನೆಲಹಾಸು ಹಿಡಿದು ಕೂತರು. ಎರಡು ವರ್ಷದೊಳಗೆ ಆ ಊರಿನ ಚಹರೆಯೇ ಬದಲಾಯಿತು. ಮನಸ್ಸು ಮಾಡಿದರೆ ಆಗುತ್ತದೆ. ಪಿರಾಣಾದ ಬುಡದಲ್ಲೂ ಆಗುತ್ತದೆ. ಸೂರತ್ತಿಗೆ ಇನ್ನೊಂದು ಕಷ್ಟ ಇತ್ತು: ಅದು ವಲಸಿಗರ ಊರು. ಪವರ್‌ಲೂಮಿಗೆ, ವಜ್ರದ ಕೆಲಸಕ್ಕೆ, ಕಟ್ಟಡ ಕೂಲಿಗೆ ಬಂದವರ ಮಗು ಊರಿನ ಪಟ್ಟಿಯಲ್ಲೂ ಇಲ್ಲ, ಇಲ್ಲಿಯ ಪಟ್ಟಿಯಲ್ಲೂ ಇಲ್ಲ. ಕೊನೆಗೆ ಪೋಲಿಯೊದವರು ಐಸ್ ಡಬ್ಬ ಹೊತ್ತು ರೈಲ್ವೆ ಪ್ಲಾಟ್‌ಫಾರ್ಮಿಗೆ, ಇಟ್ಟಿಗೆ ಭಟ್ಟಿಗೆ, ಕಟ್ಟಡದ ಸೈಟಿಗೇ ಹೋಗಬೇಕಾಯಿತು. ದೇಶ ಗೆದ್ದದ್ದರಲ್ಲಿ ಈ ಅಲೆದಾಟದ ಪಾಲು ದೊಡ್ಡದು.

ಬಾಗಿಲುಗಳು ಕೊನೆಗೆ ತೆರೆದದ್ದು ಹೇಗೆ? ಗುಜರಾತಿನಲ್ಲಿ 24 ಇದ್ದದ್ದು 2003ರಲ್ಲಿ 3ಕ್ಕೆ ಇಳಿಯಿತು, 2004ರಲ್ಲಿ ಒಂದೂ ಇಲ್ಲ. ಆಮೇಲೂ ಹೊರಗಿನಿಂದ ಒಂದೊಂದು ಬಂದು ಹೋಗುತ್ತಿತ್ತು. ನಿಜವಾದ ಯುದ್ಧ ನಡೆದದ್ದು ಮುರಾದಾಬಾದ್, ಮೀರತ್, ಅಲಿಗಢ ಕಡೆ. 2002ರಲ್ಲಿ ಅಲ್ಲಿ ಕಾಲು ಕಳೆದುಕೊಂಡ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮುಸ್ಲಿಂ ಮಕ್ಕಳು. ಪೊಲೀಸರನ್ನು ಜೊತೆಗೆ ಕಳಿಸಿದರೆ ಬಾಗಿಲು ಇನ್ನಷ್ಟು ಗಟ್ಟಿಯಾಗಿ ಮುಚ್ಚುತ್ತದೆ ಎಂಬುದು ಆಡಳಿತಕ್ಕೆ ಅರ್ಥವಾಗಲು ಸ್ವಲ್ಪ ಕಾಲ ಹಿಡಿಯಿತು. ಆಮೇಲೆ ದಾರಿ ಬದಲಾಯಿತು. ಅಲಿಗಢ ಮುಸ್ಲಿಂ ವಿಶ್ವವಿದ್ಯಾಲಯ, ಜಾಮಿಯಾ ಮಿಲ್ಲಿಯಾ, ಜಾಮಿಯಾ ಹಮ್‌ದರ್ದ್ ಈ ಮೂರೂ ಸಂಸ್ಥೆಗಳನ್ನು ಯುನಿಸೆಫ್ ಜೊತೆ ಸೇರಿಸಿಕೊಂಡಿತು. ಅಲ್ಲಿಯ ಪ್ರಾಧ್ಯಾಪಕರು, ವೈದ್ಯರು, ವಿದ್ಯಾರ್ಥಿಗಳು ಮೊಹಲ್ಲಾಗಳಿಗೆ ಹೋಗಿ ಚಾಪೆಯಲ್ಲಿ ಕೂತು ಮಾತಾಡಿದರು. ದೊಡ್ಡ ದಾರುಲ್ ಉಲೂಮ್‌ಗಳ ಉಲೆಮಾಗಳಿಂದ ಹನಿ ಹಲಾಲ್ ಎಂಬ ಅಭಿಪ್ರಾಯ ಬರೆಸಿಕೊಂಡು, ಅದರ ಪ್ರತಿಯನ್ನು ಕಾರ್ಯಕರ್ತೆಯರು ಚೀಲದಲ್ಲೇ ಇಟ್ಟುಕೊಂಡು ತಿರುಗಿದರು. ಮಸೀದಿಯ ಮೈಕಿನಲ್ಲಿ ಇಮಾಮರು ‘ನಾಳೆ ಹನಿ’ ಎಂದು ಕೂಗಿ ಹೇಳಿದರು. ‘ಬುಲಾವಾ ಟೋಲಿ’ ಎಂಬ ಮಕ್ಕಳ ಗುಂಪು ಘೋಷಣೆ ಹಾಕುತ್ತ ಓಣಿಯಲ್ಲಿ ಓಡಿ ಪುಟ್ಟ ತಮ್ಮ ತಂಗಿಯರನ್ನು ಬೂತಿಗೆ ಎಳೆತಂದಿತು.

ನನ್ನ ಮಟ್ಟಿಗೆ ಇಡೀ ಚರಿತ್ರೆಯ ನಾಯಕಿ ಅಂದರೆ ಅದೇ ಓಣಿಯ ಹೆಂಗಸು. ಪ್ರತಿ ತಂಡದಲ್ಲಿ ಒಬ್ಬಳಾದರೂ ಹೆಣ್ಣುಮಗಳು, ಸಾಧ್ಯವಾದರೆ ಅದೇ ಮೊಹಲ್ಲಾದವಳು ಇರಬೇಕು ಎಂದು ಗೊತ್ತುಮಾಡಿದ ದಿನದಿಂದ ‘ಎಕ್ಸ್’ ಮನೆಗಳು ‘ಪಿ’ ಆಗತೊಡಗಿದವು. ಗಂಡಸರು ಹೊಸ್ತಿಲಲ್ಲಿ ನಿಲ್ಲಬೇಕಾದ ಮನೆಯಲ್ಲಿ ಅವಳು ಅಡುಗೆಮನೆವರೆಗೆ ಹೋಗಬಲ್ಲಳು. ಅತ್ತೆಯನ್ನು ‘ಖಾಲಾ’ ಎಂದು ಕರೆದು, ಸೊಸೆಯ ಹೆರಿಗೆ ನೋವು ಕೇಳಿ, ಆಮೇಲೆ ಮಗುವಿನ ಬಾಯಿ ತೆರೆಸಬಲ್ಲಳು. ‘ಇಷ್ಟು ಸಲ ಹಾಕಿಸಿ ಆಯ್ತಲ್ಲ, ಮತ್ತೆ ಯಾಕೆ?’ ಎಂಬ ಪ್ರಶ್ನೆಗೆ ಉತ್ತರ ಕೊಡಬೇಕಾದವಳೂ ಅವಳೇ. ಆ ಪ್ರಶ್ನೆಯೂ ನ್ಯಾಯವೇ. ಪದೇ ಪದೇ ಭೇದಿಯಾಗುವ ಮಗುವಿನ ಕರುಳಿನಲ್ಲಿ ಹನಿ ಸರಿಯಾಗಿ ಹಿಡಿಯುವುದಿಲ್ಲ, ಅದಕ್ಕೇ ಹತ್ತು ಸಲ ಬೇಕು ಎನ್ನುವುದನ್ನು ವಿಜ್ಞಾನಿಗಳೇ ತಡವಾಗಿ ಒಪ್ಪಿಕೊಂಡರು. 2005ರಲ್ಲಿ ಒಂದೇ ಬಗೆಯ ವೈರಾಣುವಿಗೆ ಗುರಿಯಿಟ್ಟ ಹನಿ ಬಂತು, 2010ರಲ್ಲಿ ಎರಡು ಬಗೆಯದ್ದು. 2011ರ ಜನವರಿ 13ರಂದು ಪಶ್ಚಿಮ ಬಂಗಾಳದ ಹೌರಾ ಜಿಲ್ಲೆಯ ಪುಟ್ಟ ಹುಡುಗಿಯೊಬ್ಬಳಿಗೆ ಕಾಲು ಬಿದ್ದದ್ದೇ ಈ ದೇಶದಲ್ಲಿ ವೈಲ್ಡ್ ಪೋಲಿಯೊ ವೈರಾಣುವಿನ ಕೊನೆಯ ಪ್ರಕರಣ. 2014ರ ಮಾರ್ಚ್ 27ರಂದು ಭಾರತ ಪೋಲಿಯೊಮುಕ್ತ ಎಂದು ಪ್ರಮಾಣಪತ್ರ ಸಿಕ್ಕಿತು. ಸೂರತ್ತಿನ ದಕ್ಷಿಣದ ವಾಪಿಯವರಾದ ಕಲ್ಯಾಣ್ ಬ್ಯಾನರ್ಜಿ 2011–12ರಲ್ಲಿ ರೋಟರಿಯ ಜಾಗತಿಕ ಅಧ್ಯಕ್ಷರಾಗಿದ್ದರು. ಪೋಲಿಯೊ ನಿರಂತರವಾಗಿ ಇರುವ ದೇಶಗಳ ಪಟ್ಟಿಯಿಂದ ಭಾರತದ ಹೆಸರು ಹೋದದ್ದು ಅವರ ಅವಧಿಯಲ್ಲೇ. ಚೀಲ ಹೊತ್ತು ಓಣಿ ಸುತ್ತಿದ ಹೆಂಗಸರ ಹೆಸರು ಮಾತ್ರ ಯಾವ ಪಟ್ಟಿಯಲ್ಲೂ ಇಲ್ಲ, ಎಂದಿನಂತೆ.

ಈ ಅನುಭವವನ್ನು ಇಟ್ಟುಕೊಂಡು ಹೊರಗೆ ನೋಡಿದರೆ ಯುದ್ಧದ ನಾಡುಗಳ ಕಥೆ ಬೇಗ ಅರ್ಥವಾಗುತ್ತದೆ. ನೈಜೀರಿಯಾದ ಕಾನೊದಲ್ಲಿ 2003ರಲ್ಲಿ ಪೋಲಿಯೊ ಹನಿಯನ್ನೇ ನಿಲ್ಲಿಸಿದರು. ಕಾರಣ ಹುಡುಕಿದರೆ 1996 ಸಿಗುತ್ತದೆ: ಅಲ್ಲಿ ಮೆದುಳು ಪೊರೆಯ ಜ್ವರ ಬಂದಾಗ ಫೈಜರ್ ಕಂಪೆನಿ ಮಕ್ಕಳ ಮೇಲೆ ಹೊಸ ಔಷಧದ ಪ್ರಯೋಗ ನಡೆಸಿತ್ತು, ಆ ಪ್ರಯೋಗದಲ್ಲಿದ್ದ 11 ಮಕ್ಕಳು ತೀರಿಕೊಂಡು ಅದು ಕೋರ್ಟಿನ ಮೆಟ್ಟಿಲೇರಿತ್ತು. ಕೊನೆಗೆ ಇಂಡೋನೇಷ್ಯಾ ಎಂಬ ಮುಸ್ಲಿಂ ದೇಶದಲ್ಲಿ ತಯಾರಾದ ಹನಿ ತರಿಸಿ 2004ರಲ್ಲಿ ಮತ್ತೆ ಶುರು ಮಾಡಿದರು. ಅಷ್ಟರಲ್ಲಿ ಅಲ್ಲಿಯ ವೈರಾಣು ದೇಶದಿಂದ ದೇಶಕ್ಕೆ ಹಾರಿತ್ತು, 2005ರಲ್ಲಿ ಅದೇ ಇಂಡೋನೇಷ್ಯಾದ ಮಕ್ಕಳನ್ನೂ ತಲುಪಿತು. ಪಾಕಿಸ್ತಾನದಲ್ಲಿ 2011ರಲ್ಲಿ ಬಿನ್ ಲಾದನ್ ಸುಳಿವಿಗಾಗಿ ಅಮೆರಿಕದ ಗುಪ್ತಚರರು ಅಬ್ಬೊಟಾಬಾದಿನಲ್ಲಿ ಹೆಪಟೈಟಿಸ್ ಲಸಿಕೆಯ ನಾಟಕವಾಡಿಸಿದರು. ಮರುವರ್ಷದ ಡಿಸೆಂಬರ್‌ನಲ್ಲಿ ಕರಾಚಿ, ಪೇಶಾವರಗಳಲ್ಲಿ ಪೋಲಿಯೊ ಕಾರ್ಯಕರ್ತರನ್ನು ಗುಂಡಿಟ್ಟು ಕೊಂದರು. ಸತ್ತವರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು, ಮುಸ್ಲಿಂ ಹೆಣ್ಣುಮಕ್ಕಳು. ಲಸಿಕೆಯ ಹೆಸರನ್ನು ಇನ್ನು ಬೇಹುಗಾರಿಕೆಗೆ ಬಳಸುವುದಿಲ್ಲ ಎಂದು ಅಮೆರಿಕ 2014ರಲ್ಲಿ ಮಾತು ಕೊಟ್ಟಿತು. ಆ ವರ್ಷ ಪಾಕಿಸ್ತಾನದಲ್ಲಿ 306 ಮಕ್ಕಳಿಗೆ ಕಾಲು ಬಿದ್ದಿತ್ತು. ಗುಂಡು ಹೊಡೆದವರನ್ನೂ ಈ ಲೆಕ್ಕದಿಂದ ಬಿಡಲಾಗದು. ಹೊಟ್ಟೆಪಾಡಿಗೆ ಐಸ್ ಡಬ್ಬ ಹೊತ್ತ ಹುಡುಗಿಯನ್ನು ಕೊಲ್ಲುವುದು ಯಾವ ದೀನಿನ ಸೇವೆ?

ಅಲ್-ಅಝ್ಹರ್, ಜಿದ್ದಾದ ಫಿಕ್ಹ್ ಅಕಾಡೆಮಿ, ಇಸ್ಲಾಮಿಕ್ ಅಭಿವೃದ್ಧಿ ಬ್ಯಾಂಕ್ ಇವೆಲ್ಲ ಸೇರಿ ಪೋಲಿಯೊ ನಿರ್ಮೂಲನೆಗೆ ಒಂದು ಇಸ್ಲಾಮಿಕ್ ಸಲಹಾ ಗುಂಪು ಕಟ್ಟಿದ್ದು ಈ ಹಿನ್ನೆಲೆಯಲ್ಲಿ. ಧರ್ಮದ ಅಡ್ಡಿಯ ಮಾತು ಆಡುವವರು ಇದನ್ನು ತಿಳಿದಿರಲಿ. ನಮ್ಮ ಹಾಜಿಗಳೇ ಹಜ್ ವಿಮಾನ ಹತ್ತುವ ಮೊದಲು ಬಾಯಿಗೆ ಪೋಲಿಯೊ ಹನಿ ಹಾಕಿಸಿಕೊಂಡವರು, ಅಲ್ವಾ? ಸಿಡುಬನ್ನೂ ದಡಾರವನ್ನೂ ಬೇರೆ ಬೇರೆ ಎಂದು ಬಿಡಿಸಿ ಬರೆದ ಹಕೀಮ್ ಅಲ್-ರಾಝಿಯನ್ನು ನಾವು ಭಾಷಣಗಳಲ್ಲಿ ಬಹಳ ನೆನೆಯುತ್ತೇವೆ. ನೆನೆಯೋಣ, ಆದರೆ ಅದರಿಂದ ಜುಹಾಪುರದ ಒಂದು ಮಗುವಿಗೂ ಲಸಿಕೆ ಬೀಳುವುದಿಲ್ಲ.

ಮಕ್ಕಳಿಗಾಗಿ ಯುದ್ಧವನ್ನೇ ನಿಲ್ಲಿಸುವ ಪದ್ಧತಿಯೂ ಉಂಟು. 1985ರಲ್ಲಿ ಅಂತರ್ಯುದ್ಧದ ಎಲ್ ಸಾಲ್ವಡಾರ್‌ನಲ್ಲಿ ಯುನಿಸೆಫ್ ಮತ್ತು ಅಲ್ಲಿಯ ಚರ್ಚು ಮಧ್ಯೆ ನಿಂತು ಮೂರು ದಿನ ಬಂದೂಕು ಕೆಳಗಿಡಿಸಿದವು. ಆಮೇಲೆ ಲೆಬನಾನ್, ಸುಡಾನ್, ಅಫ್ಘಾನಿಸ್ತಾನ. ತೀರಾ ಈಚಿನದು ಗಾಝಾ. 2024ರ ಆಗಸ್ಟ್‌ನಲ್ಲಿ ಅಲ್ಲಿ ಹತ್ತು ತಿಂಗಳ ಹಸುಳೆಯೊಂದಕ್ಕೆ ಕಾಲು ಬಿದ್ದಿರುವುದು ಖಚಿತವಾಯಿತು, 25 ವರ್ಷಗಳಲ್ಲಿ ಮೊದಲ ಪ್ರಕರಣ. ಯುದ್ಧಕ್ಕೆ ಮೊದಲು ಗಾಝಾದಲ್ಲಿ ಬಹುತೇಕ ಎಲ್ಲ ಮಕ್ಕಳಿಗೂ ಲಸಿಕೆ ಬೀಳುತ್ತಿತ್ತು. ಅಲ್ಲಿ ಯಾವ ವದಂತಿಯೂ ಇರಲಿಲ್ಲ. ಬಾಂಬ್ ಬಿದ್ದದ್ದು ಆಸ್ಪತ್ರೆಗೆ, ಒಡೆದದ್ದು ಚರಂಡಿ. ಸೆಪ್ಟೆಂಬರ್ 1ರಿಂದ ದಿನಕ್ಕೆ ಕೆಲವು ಗಂಟೆ ಗುಂಡು ನಿಲ್ಲಿಸಲು ಒಪ್ಪಿದರು. ಮೊದಲ ಸುತ್ತಿನಲ್ಲೇ ಐದೂವರೆ ಲಕ್ಷಕ್ಕೂ ಹೆಚ್ಚು ಮಕ್ಕಳಿಗೆ ಹನಿ ಬಿತ್ತು. ಡೇರೆಯಿಂದ ಡೇರೆಗೆ ನಡೆದವರು ಅಲ್ಲಿಯವರೇ ಆದ ಆರೋಗ್ಯ ಕಾರ್ಯಕರ್ತರು, ಅವರಲ್ಲಿ ಎಷ್ಟೋ ಜನ ತಾವೇ ಮನೆ ಕಳೆದುಕೊಂಡವರು. ಮಧ್ಯಾಹ್ನ ಗಂಟೆ ಮುಗಿದ ಮೇಲೆ ಮತ್ತೆ ಬಾಂಬ್. ಕಾಲು ಉಳಿಸಲು ಬಿಡುವು ಕೊಟ್ಟು, ಜೀವ ಉಳಿಸಲು ಕೊಡದ ಲೋಕ ಇದು. ಆದರೂ ತಾಯಂದಿರು ಮಕ್ಕಳನ್ನು ಎತ್ತಿಕೊಂಡು ಸಾಲಿನಲ್ಲಿ ನಿಂತರು, ಯಾಕೆಂದರೆ ಎದುರಿಗೆ ನಿಂತವಳು ಪಕ್ಕದ ಡೇರೆಯವಳು.

ನಮ್ಮಲ್ಲಿ ಇದೆಲ್ಲ ಮುಗಿದ ವಿಷಯ ಎಂದು ಪುಟ ತಿರುಗಿಸಬೇಡಿ. 2020ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಸಾದಿಕ್ ಲೇಔಟ್‌ನಲ್ಲಿ ಕೊರೊನಾ ಸಮೀಕ್ಷೆಗೆ ಹೋದ ಆಶಾ ಕಾರ್ಯಕರ್ತೆಯರನ್ನು ನಮ್ಮವರೇ ತಡೆದು, ಫೋನು ಕಸಿದು, ಹೆದರಿಸಿದರು. ಪೌರತ್ವದ ಲೆಕ್ಕಕ್ಕೆ ಬಂದವರಿರಬಹುದು ಎಂಬ ಅಂಜಿಕೆ ಆ ದಿನಗಳಲ್ಲಿ ದೇಶದ ಹಲವೆಡೆ ಇತ್ತು. ಅಂಜಿಕೆಗೆ ಕಾರಣ ಇತ್ತು, ಆ ಹೆಂಗಸರನ್ನು ಹೆದರಿಸಿದ್ದಕ್ಕೆ ಇರಲಿಲ್ಲ. ಅದಕ್ಕೂ ಮೂರು ವರ್ಷ ಹಿಂದೆ, 2017ರ ಫೆಬ್ರವರಿಯಲ್ಲಿ ದಡಾರ–ರುಬೆಲ್ಲಾ ಲಸಿಕೆ ಬೆಂಗಳೂರಿನಿಂದಲೇ ಆರಂಭವಾದಾಗ ದಕ್ಷಿಣದ ರಾಜ್ಯಗಳಲ್ಲಿ ವಾಟ್ಸಾಪಿನಲ್ಲಿ ಹರಿದಾಡಿದ್ದು ಅದೇ ಹಳೆಯ ಸಂತಾನಹರಣದ ಕಥೆ. ಅದನ್ನು ಫಾರ್ವರ್ಡ್ ಮಾಡಿದವರಲ್ಲಿ ಓದಿದವರೂ ಇದ್ದರು. 2022ರ ನವೆಂಬರ್‌ನಲ್ಲಿ ಮುಂಬೈಯ ಗೋವಂಡಿಯಲ್ಲಿ ದಡಾರದಿಂದ ಮಕ್ಕಳು ಸತ್ತರು. ಅದೇ ತಿಂಗಳು ಕೇಂದ್ರ ಸರ್ಕಾರ ದಡಾರ ಏರಿದೆ ಎಂದು ತಜ್ಞರ ತಂಡ ಕಳಿಸಿದ ಊರುಗಳು ಮೂರು: ರಾಂಚಿ, ಮಲಪ್ಪುರಂ ಮತ್ತು ಅಹಮದಾಬಾದ್.

ಕರ್ನಾಟಕದಲ್ಲಿ ಮಕ್ಕಳ ಲಸಿಕೆ ಸಾಮಾನ್ಯವಾಗಿ ಗುರುವಾರ. ಬುಧವಾರ ಇಶಾ ನಮಾಝಿನ ನಂತರ ಮಸೀದಿಯ ಮೈಕಿನಲ್ಲಿ ಒಂದು ಸಾಲು ಹೇಳಲು ನಿಮ್ಮ ಜಮಾಅತಿನ ಕಾರ್ಯದರ್ಶಿಯನ್ನು ಈ ವಾರವೇ ಕೇಳಿ ನೋಡಿ. ಆಶಾ ಕಾರ್ಯಕರ್ತೆ ನಿಮ್ಮ ಓಣಿಗೆ ಬಂದಾಗ ಅವರ ಜೊತೆ ನಾಲ್ಕು ಮನೆ ನಡೆಯಲು ಮನೆಯ ಯಾರಾದರೂ ಹೆಣ್ಣುಮಗಳು ಹೊರಟರೆ ಇನ್ನೂ ಒಳ್ಳೆಯದು. ಚರಂಡಿಯ ಅರ್ಜಿಯನ್ನು ಪಂಚಾಯತಿಗೆ ಬೇರೆಯೇ ಕೊಡಿ, ಎರಡನ್ನೂ ಒಂದೇ ದಿನ ಕೊಡಬಹುದು.